ಬಂದರಿನ ಬಂಧು

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಬರುವ ನೇತ್ರಾವತಿ ನದಿಯು ಬಂಟ್ವಾಳದ ಬಳಿ ವಿಶಾಲವಾಗಿ ಮೈಚಾಚಿ ಕಡಲಿನ ಕಡೆಗೆ ಸಾಗುತ್ತದೆ. ರಸ್ತೆಗಳು ಸುಧಾರಿಸುವುದಕ್ಕೆ ಮೊದಲು ಈ ನದಿಯೇ ಆ ಸೀಮೆಯ ಹೆದ್ದಾರಿಯಾಗಿತ್ತು. ಘಟ್ಟದ ಮೇಲಿನಿಂದ ಇಳಿದುಬಂದ ಸರಕು ಬಂಟ್ವಾಳದ ದಡದಲ್ಲಿ ದೋಣಿಗಳನ್ನೇರಿ ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಭಾರವಾದ ಮೂಟೆಗಳನ್ನು ತಲೆಯ ಮೇಲೆ ಹೊತ್ತು, ಜಾರುವ ಹಲಗೆಯ ಮೇಲೆ ನಡೆದು, ದೋಣಿಗಳನ್ನು ತುಂಬುತ್ತಿದ್ದವರು ದಿನಗೂಲಿಯ ಆಳುಗಳು. ವ್ಯಾಪಾರಿಯ ಪುಸ್ತಕದಲ್ಲಿ ಮೂಟೆಗಳ ಲೆಕ್ಕವಿರುತ್ತಿತ್ತು; ಅವನ್ನು ಹೊತ್ತವರ ಹೆಸರು ಇರುತ್ತಿರಲಿಲ್ಲ. ಕಾಲು ಜಾರಿ ಬಿದ್ದವನು ಮನೆಗೆ ಹೋಗಿ ಮಲಗಬೇಕಾಗಿತ್ತು. ಮರುದಿನ ಅವನ ಸ್ಥಳದಲ್ಲಿ ಬೇರೊಬ್ಬನು ನಿಲ್ಲುತ್ತಿದ್ದನು.

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ, ಸಾವಿರ ಕಂಬದ ಬಸದಿಯಿಂದ ಹೆಸರಾದ ಮೂಡುಬಿದಿರೆ, ನದೀತೀರದ ಬಂಟ್ವಾಳ - ಈ ಮೂರೂ ಊರುಗಳ ಸುತ್ತಣ ಹಳ್ಳಿಗಳು ನೋಡುವ ಕಣ್ಣಿಗೆ ಹಸುರಿನ ಸಿರಿಯಂತೆ ತೋರುತ್ತವೆ. ಆದರೆ ಸ್ವಾತಂತ್ರ್ಯಕ್ಕೆ ಮುಂಚೆ ಅಲ್ಲಿನ ರೈತರಲ್ಲಿ ಬಹುಮಂದಿ ಗೇಣಿಯ ಒಕ್ಕಲುಗಳಾಗಿದ್ದರು. ಗೇಣಿಯನ್ನು ಅಳೆದುಕೊಟ್ಟ ಮೇಲೆ ಉಳಿದ ಅಕ್ಕಿಯಲ್ಲಿ ದೊಡ್ಡ ಸಂಸಾರವು ವರ್ಷವನ್ನು ಕಳೆಯುವುದು ಸುಲಭವಾಗಿರಲಿಲ್ಲ. ಆದುದರಿಂದ ಹರೆಯದ ಹುಡುಗರು ಊರು ಬಿಟ್ಟು ದುಡಿಮೆಯನ್ನು ಅರಸಿ ಹೊರಟರು. ಕೆಲವರು ಘಟ್ಟವನ್ನು ಹತ್ತಿ ಕಾಫಿಯ ತೋಟಗಳಿಗೆ ಹೋದರು. ಅವರಲ್ಲಿ ಚಳಿಜ್ವರಕ್ಕೆ ತುತ್ತಾದವರು ಅನೇಕರು. ಮತ್ತೆ ಕೆಲವರು ಮುಂಬಯಿಯ ದಾರಿ ಹಿಡಿದರು. ಕರಾವಳಿಯ ಗುಂಟ ಮುಂಬಯಿಗೆ ನೇರವಾಗಿ ಸಾಗುವ ರೈಲುಮಾರ್ಗವು ಸಿದ್ಧವಾದುದು ೧೯೯೮ರಲ್ಲಿ. ಅದಕ್ಕೆ ಬಹುಕಾಲ ಮೊದಲು ಹೋದವರು ಮಂಗಳೂರಿನಲ್ಲಿ ಹಡಗನ್ನು ಹತ್ತಬೇಕಾಗಿತ್ತು. ಮಳೆಗಾಲದಲ್ಲಿ ಆ ಹಡಗುಗಳ ಸಂಚಾರವೂ ನಿಂತುಹೋಗುತ್ತಿತ್ತು. ಹೀಗೆ ಹೋದವರು ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ಬಂದರಿನಲ್ಲಿಯೂ ದುಡಿದು ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದರು. ಮನಿಯಾರ್ಡರು ಬರುವುದು ನಿಂತರೆ ಮನೆಯವರ ಎದೆ ನಡುಗುತ್ತಿತ್ತು.

ಹೀಗೆ ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋಗಿ, ಅಲ್ಲಿನ ಬಂದರಿನ ಸಾವಿರಾರು ದಿನಗೂಲಿಯವರಿಗೆ ಆಸರೆಯಾಗಿ ನಿಂತವರು ಪ್ಲಾಸಿಡ್ ಡಿಮೆಲ್ಲೊ. ಅವರು ಹುಟ್ಟಿದುದು ೧೯೧೯ರಲ್ಲಿ. ಆಗ ಅವರ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಕೊಂಕಣಿಯನ್ನಾಡುವ ಕ್ರೈಸ್ತ ಸಮುದಾಯಕ್ಕೆ ಸೇರಿದ ಅವರು ಹರೆಯದಲ್ಲಿಯೇ ಮುಂಬಯಿಯನ್ನು ಸೇರಿದರು. ಸಂಪತ್ತು, ಅಧಿಕಾರ, ದೊಡ್ಡ ಪದವಿ ಇವಾವುವೂ ಅವರ ಬೆನ್ನಿಗಿರಲಿಲ್ಲ. ಪರಊರಿನಲ್ಲಿ ಹೊಟ್ಟೆಪಾಡಿಗಾಗಿ ಅಲೆಯುವವನ ಕಷ್ಟ ಎಂಥದೆಂಬ ಅರಿವು ಮಾತ್ರ ಅವರಿಗೆ ಚೆನ್ನಾಗಿತ್ತು. ಈ ಅರಿವೇ ಅವರನ್ನು ಬಂದರಿನ ಬಾಗಿಲಿಗೆ ಕರೆದೊಯ್ದಿತು.

ಅವರು ಕಂಡ ಮುಂಬಯಿಯ ಬಂದರು ಏಷ್ಯ ಖಂಡದ ಪ್ರಮುಖ ಬಂದರುಗಳಲ್ಲಿ ಒಂದಾಗಿತ್ತು. ೧೮೮೦ರಲ್ಲಿ ಪ್ರಿನ್ಸಸ್ ಡಾಕ್, ಅದರ ತರುವಾಯ ವಿಕ್ಟೋರಿಯ ಡಾಕ್, ೧೯೧೪ರಲ್ಲಿ ಅಲೆಕ್ಸಾಂಡ್ರ ಡಾಕ್ ಹೀಗೆ ಒಂದರ ಮಗ್ಗುಲಿಗೆ ಒಂದು ಧಕ್ಕೆಗಳು ನಿರ್ಮಾಣಗೊಂಡಿದ್ದವು. ದೇಶದೇಶಗಳ ಹಡಗುಗಳು ಅಲ್ಲಿ ಲಂಗರು ಹಾಕುತ್ತಿದ್ದವು. ಹತ್ತಿ, ಧಾನ್ಯ, ಯಂತ್ರ, ಕಬ್ಬಿಣ, ಗಂಧಕ, ಸಿಮೆಂಟು - ಎಲ್ಲವೂ ಮನುಷ್ಯರ ಕೈಗಳಿಂದಲೇ ಏರಬೇಕು, ಇಳಿಯಬೇಕು. ಈ ಕೈಗಳು ಕೊಂಕಣದ ಹಳ್ಳಿಗಳಿಂದ, ದಖ್ಖನಿನ ಒಣ ಸೀಮೆಗಳಿಂದ, ಉತ್ತರದ ಬಯಲುನಾಡಿನಿಂದ, ದಕ್ಷಿಣದ ಕರಾವಳಿಯಿಂದ ಬಂದವು. ಒಬ್ಬನ ಮಾತು ಮತ್ತೊಬ್ಬನಿಗೆ ತಿಳಿಯುತ್ತಿರಲಿಲ್ಲ. ಹಸಿವು ಮಾತ್ರ ಎಲ್ಲರಿಗೂ ಒಂದೇ ಆಗಿತ್ತು.

ಹಡಗಿನ ಕೆಲಸದ ಸ್ವರೂಪವನ್ನು ತಿಳಿದುಕೊಂಡರೆ ಅದರ ಅಪಾಯವೂ ತಿಳಿಯುತ್ತದೆ. ಸರಕು ತುಂಬುವ ಹಡಗಿನ ಒಡಲು ಎರಡು ಮೂರು ಅಂತಸ್ತುಗಳ ಮನೆಯಷ್ಟು ಆಳವಾಗಿರುತ್ತದೆ. ಅದರ ಬಾಯಿ ಮೇಲಿನ ಅಟ್ಟದಲ್ಲಿ ತೆರೆದುಕೊಂಡಿರುತ್ತದೆ. ಕೆಲವರು ಏಣಿಯಿಂದ ಕೆಳಗಿಳಿದು ಮೂಟೆಗಳನ್ನು ಹಗ್ಗದ ಜೋಲಿಯಲ್ಲಿ ಕಟ್ಟುತ್ತಾರೆ. ಮೇಲೆ ನಿಂತವನು ಕೈಸನ್ನೆ ಮಾಡುತ್ತಾನೆ. ಆ ಸನ್ನೆಯನ್ನು ನೋಡಿ ಯಂತ್ರ ನಡೆಸುವವನು ಭಾರವನ್ನು ಎತ್ತಿ ಧಕ್ಕೆಯ ಮೇಲೆ ಇಳಿಸುತ್ತಾನೆ. ಸವೆದ ಹಗ್ಗ ಹರಿದರೆ, ತುಕ್ಕು ಹಿಡಿದ ಸರಪಳಿ ಕಳಚಿದರೆ, ಸನ್ನೆ ತಪ್ಪಾಗಿ ಅರ್ಥವಾದರೆ ಭಾರವು ಕೆಳಗಿದ್ದವರ ಮೇಲೆ ಬೀಳುತ್ತದೆ. ರಾತ್ರಿಯ ವೇಳೆ ಬೆಳಕು ಸಾಲದಿದ್ದರೆ ತೆರೆದ ಬಾಯಿ ಕಾಣದೆ ಮನುಷ್ಯನು ಒಡಲಿನ ಆಳಕ್ಕೆ ಉರುಳುತ್ತಾನೆ. ಬಹುದಿನ ಮುಚ್ಚಿಟ್ಟ ಒಡಲಿನಲ್ಲಿ ಉಸಿರಿಗೆ ಬೇಕಾದ ಗಾಳಿಯೇ ಇಲ್ಲದಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಗಂಧಕದ ಪುಡಿ ಕಣ್ಣನ್ನು ಉರಿಸುತ್ತದೆ. ಸಿಮೆಂಟಿನ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಇವೆಲ್ಲವೂ ತಡೆಯಬಹುದಾದ ಆಪತ್ತುಗಳು. ಹಗ್ಗವನ್ನು ಪರೀಕ್ಷಿಸಬಹುದು, ಬಾಯಿಗೆ ಬೇಲಿ ಕಟ್ಟಬಹುದು, ದೀಪ ಹಚ್ಚಬಹುದು, ಒಡಲಿಗೆ ಗಾಳಿ ಆಡಿಸಬಹುದು.

ಹಾಗಾದರೆ ಅವು ನಡೆಯದೆ ಹೋದುದೇಕೆ? ಉತ್ತರವು ಆ ಕಾಲದ ಕೂಲಿಯ ಪದ್ಧತಿಯಲ್ಲಿತ್ತು. ಹಡಗಿಗೆ ಸರಕು ತುಂಬಿಸುವ ಗುತ್ತಿಗೆಯನ್ನು ಸ್ಟೀವಡೋರ್ ಎಂಬ ವ್ಯಾಪಾರಿಗಳು ಹಿಡಿಯುತ್ತಿದ್ದರು. ಅವರ ಪರವಾಗಿ ಟೋಳಿವಾಲರೆಂಬ ಮೇಸ್ತ್ರಿಗಳು ಪ್ರತಿದಿನವೂ ಆಳುಗಳನ್ನು ಆರಿಸುತ್ತಿದ್ದರು. ಬೆಳಗಾಗುವ ಮೊದಲೇ ಬಂದರಿನ ಬಾಗಿಲಲ್ಲಿ ಜನ ಗುಂಪುಗೂಡುತ್ತಿತ್ತು. ಮೇಸ್ತ್ರಿಯು ಬೆರಳು ತೋರಿದವನಿಗೆ ಅಂದಿನ ಕೂಲಿ, ಉಳಿದವರಿಗೆ ಉಪವಾಸ. ಕೆಲಸ ದೊರಕಿಸಿಕೊಟ್ಟುದಕ್ಕಾಗಿ ಮೇಸ್ತ್ರಿಗೆ ಕೂಲಿಯಲ್ಲಿ ಪಾಲು ಕೊಡಬೇಕಾಗುತ್ತಿತ್ತು. ನಾಳೆ ಕೆಲಸ ಸಿಕ್ಕುವುದೋ ಇಲ್ಲವೋ ಎಂಬ ಭಯದಲ್ಲಿ ಬದುಕುವವನು ಹಗ್ಗ ಸವೆದಿದೆಯೆಂದು ಹೇಳುವುದುಂಟೆ? ಹೇಳಿದರೆ ಮರುದಿನ ಮೇಸ್ತ್ರಿಯ ಬೆರಳು ಅವನ ಕಡೆಗೆ ತಿರುಗುವುದಿಲ್ಲ. ಹೀಗಾಗಿ ಅಪಾಯವನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದವನೇ ಎಲ್ಲರಿಗಿಂತ ಹೆಚ್ಚು ಮೌನವಾಗಿರಬೇಕಾಗಿತ್ತು. ಗಾಯಗೊಂಡವರ ಪಾಡು ಇನ್ನೂ ಕಠಿಣವಾಗಿತ್ತು. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ನೀಡಬೇಕೆಂಬ ಕಾಯಿದೆಯು ೧೯೨೩ರಲ್ಲಿಯೇ ಆಗಿತ್ತು. ಆದರೆ ಇಂದು ಒಬ್ಬ ಗುತ್ತಿಗೆದಾರನ ಬಳಿ, ನಾಳೆ ಮತ್ತೊಬ್ಬನ ಬಳಿ ದುಡಿಯುವ, ಯಾವ ದಾಖಲೆಯಲ್ಲಿಯೂ ಹೆಸರಿಲ್ಲದ ಪರಊರಿನವನು ತಾನು ಅಲ್ಲಿ ದುಡಿದುದನ್ನು ಸಾಧಿಸಿ ತೋರಿಸುವುದೇ ಕಷ್ಟವಾಗಿತ್ತು.

ಈ ದುಃಸ್ಥಿತಿಯು ಮುಂಬಯಿಗೆ ಮಾತ್ರ ಸೀಮಿತವಾಗಿರಲಿಲ್ಲ. ಲಂಡನ್ ನಗರದ ಬಂದರಿನ ಕೂಲಿಕಾರರು ೧೮೮೯ರಲ್ಲಿ ದೊಡ್ಡ ಮುಷ್ಕರ ಹೂಡಿ, ಗಂಟೆಗೆ ಆರು ಪೆನ್ಸ್ ಕೂಲಿಯನ್ನೂ, ಕರೆದವರಿಗೆ ಕಡೆಯ ಪಕ್ಷ ನಾಲ್ಕು ಗಂಟೆಗಳ ಕೆಲಸವನ್ನೂ ಕೊಡಬೇಕೆಂದು ಕೇಳಿದ್ದರು. ೧೯೩೨ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹಡಗಿನ ಕೂಲಿಕಾರರನ್ನು ಅಪಘಾತಗಳಿಂದ ರಕ್ಷಿಸುವ ಒಪ್ಪಂದವೊಂದನ್ನು ಅಂಗೀಕರಿಸಿತು. ಭಾರತದಲ್ಲಿ ಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಲು ನೇಮಕವಾದ ರಾಯಲ್ ಆಯೋಗವು ೧೯೩೧ರಲ್ಲಿ ತನ್ನ ವರದಿಯನ್ನು ಕೊಟ್ಟು, ಬಂದರಿನ ಕೂಲಿಕಾರರ ಹೆಸರುಗಳನ್ನು ದಾಖಲೆ ಮಾಡಿ ಅವರ ಕೆಲಸದ ಅನಿಶ್ಚಯವನ್ನು ಕಡಮೆ ಮಾಡಬೇಕೆಂದು ಸೂಚಿಸಿತ್ತು. ೧೯೩೪ರಲ್ಲಿ ಭಾರತೀಯ ಬಂದರು ಕೂಲಿಕಾರರ ಕಾಯಿದೆಯು ಹುಟ್ಟಿತು. ಬೇಲಿ, ಬೆಳಕು, ಭದ್ರವಾದ ಏಣಿ, ಎತ್ತುವ ಯಂತ್ರಗಳ ಪರೀಕ್ಷೆ, ಪ್ರಥಮ ಚಿಕಿತ್ಸೆ - ಇಂಥ ವಿಷಯಗಳಲ್ಲಿ ನಿಯಮಗಳನ್ನು ಮಾಡುವ ಅಧಿಕಾರವನ್ನು ಅದು ನೀಡಿತು. ಆದರೆ ಆ ಕಾಯಿದೆಯು ಜಾರಿಗೆ ಬಂದುದು ೧೯೪೮ರಲ್ಲಿ. ಹದಿನಾಲ್ಕು ವರ್ಷಗಳ ಕಾಲ ಅದು ಕಾಗದದ ಮೇಲೆ ಉಳಿಯಿತು. ಕೂಲಿಕಾರರು ಹಳೆಯ ಹಗ್ಗಗಳ ಕೆಳಗೆ ದುಡಿಯುತ್ತಲೇ ಇದ್ದರು.

ಆ ಹದಿನಾಲ್ಕು ವರ್ಷಗಳ ನಡುವೆ ಮುಂಬಯಿಯ ಬಂದರು ಎಂದಿಗೂ ಮರೆಯಲಾಗದ ದುರಂತವೊಂದನ್ನು ಕಂಡಿತು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ಕಾಲ. ಫೋರ್ಟ್ ಸ್ಟಿಕಿನ್ ಎಂಬ ಹಡಗು ಸುಮಾರು ೧,೪೦೦ ಟನ್ ಸ್ಫೋಟಕಗಳನ್ನೂ, ಅದರೊಡನೆ ಸಾವಿರಾರು ಹತ್ತಿಯ ಅಂಡಿಗೆಗಳನ್ನೂ, ಎಣ್ಣೆಯ ಪೀಪಾಯಿಗಳನ್ನೂ ಹೊತ್ತು ವಿಕ್ಟೋರಿಯ ಡಾಕಿಗೆ ಬಂದಿತ್ತು. ಬೆಂಕಿ ಹತ್ತಿದರೆ ಆರದ ಹತ್ತಿಯನ್ನೂ ಮದ್ದನ್ನೂ ಒಂದೇ ಒಡಲಿನಲ್ಲಿ ಇರಿಸಲಾಗಿತ್ತು. ೧೯೪೪ನೆಯ ಏಪ್ರಿಲ್ ೧೪ರಂದು ನಡುಹಗಲ ಹೊತ್ತಿನಲ್ಲಿ ಒಡಲಿನಿಂದ ಹೊಗೆ ಕಾಣಿಸಿಕೊಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಸುರಿದರು. ಬೆಂಕಿ ಆರಲಿಲ್ಲ. ಹಡಗಿನೊಳಗೆ ಏನಿದೆ ಎಂಬುದರ ಸ್ಪಷ್ಟವಾದ ಎಚ್ಚರಿಕೆಯು ಸುತ್ತಮುತ್ತ ದುಡಿಯುತ್ತಿದ್ದ ಜನಕ್ಕೆ ಮುಟ್ಟಲಿಲ್ಲ. ಸಂಜೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು ಅರ್ಧ ಗಂಟೆಯ ತರುವಾಯ ಅದಕ್ಕಿಂತ ಭೀಕರವಾದ ಎರಡನೆಯ ಸ್ಫೋಟವಾಯಿತು. ನೆರೆಯ ಹಡಗುಗಳು ಮುಳುಗಿದವು, ಗೋದಾಮುಗಳು ಉರಿದವು, ಸಮೀಪದ ಬಡಜನರ ವಸತಿಗಳು ನೆಲಸಮವಾದವು. ದೂರದ ಸಿಮ್ಲಾ ನಗರದ ಭೂಕಂಪಮಾಪಕವೂ ಆ ಕಂಪನವನ್ನು ಗುರುತಿಸಿತು. ಕಡಮೆಯೆಂದರೂ ೮೦೦ ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿಯೊಡನೆ ಹೋರಾಡುತ್ತಿದ್ದ ಅಗ್ನಿಶಾಮಕ ದಳದ ೬೬ ಮಂದಿ ಅಲ್ಲಿಯೇ ಮಡಿದರು. ಅವರ ಸ್ಮರಣೆಗಾಗಿ ಏಪ್ರಿಲ್ ೧೪ನ್ನು ಅಗ್ನಿಶಾಮಕ ಸೇವೆಯ ದಿನವೆಂದು ದೇಶವು ಆಚರಿಸುತ್ತದೆ. ಆದರೆ ಸತ್ತವರೆಲ್ಲರ ಸರಿಯಾದ ಎಣಿಕೆ ಎಂದಿಗೂ ಸಿಕ್ಕಲಿಲ್ಲ. ಬೆಳಿಗ್ಗೆ ಬೆರಳು ತೋರಿ ಕರೆದ ಆಳುಗಳ ಹೆಸರು ಇಲ್ಲದ ಕಡೆ ಸಂಜೆಗೆ ಯಾರು ಉಳಿದರು, ಯಾರು ಅಳಿದರು ಎಂದು ಎಣಿಸುವುದು ಹೇಗೆ?

ಇಂಥ ಬಂದರಿನಲ್ಲಿ ಡಿಮೆಲ್ಲೊ ಅವರು ಕಾರ್ಮಿಕರನ್ನು ಒಟ್ಟುಗೂಡಿಸುವ ಕಾರ್ಯಕ್ಕೆ ತೊಡಗಿದರು. ೧೯೪೦ರ ದಶಕದಲ್ಲಿ ಸಾರಿಗೆ ಮತ್ತು ಬಂದರು ಕಾರ್ಮಿಕರ ಸಂಘದ ಮುಂದಾಳಾಗಿ ಅವರು ಹೆಸರಾದರು. ಅವರು ಸಮಾಜವಾದಿ ವಿಚಾರಗಳನ್ನು ಒಪ್ಪಿದವರು. ಬಂದರಿನ ಕೂಲಿಕಾರರನ್ನು ಒಗ್ಗೂಡಿಸುವುದು ಗಿರಣಿಯ ಕೆಲಸಗಾರರನ್ನು ಒಗ್ಗೂಡಿಸಿದಂತಲ್ಲ. ಗಿರಣಿಯಲ್ಲಿ ದಿನವೂ ಅದೇ ಜನ, ಅದೇ ಯಂತ್ರ. ಬಂದರಿನಲ್ಲಿಯಾದರೋ ಇಂದು ಒಂದು ಹಡಗಿನಲ್ಲಿ ಜೊತೆಗೆ ದುಡಿದವರು ನಾಳೆ ಬೇರೆ ಬೇರೆ ಹಡಗುಗಳಲ್ಲಿರುತ್ತಾರೆ; ಹಡಗು ಇಲ್ಲದ ದಿನ ಎಲ್ಲಿಯೂ ಇರುವುದಿಲ್ಲ. ಒಂದೊಂದು ಊರಿನವರಿಗೆ ಒಂದೊಂದು ಮೇಸ್ತ್ರಿ, ಒಂದೊಂದು ಭಾಷೆಯವರಿಗೆ ಒಂದೊಂದು ಗುಂಪು. ಒಬ್ಬನು ಕಡಮೆ ಕೂಲಿಗೆ ಒಪ್ಪದಿದ್ದರೆ ಒಪ್ಪುವ ಮತ್ತೊಬ್ಬನು ಬಾಗಿಲಲ್ಲಿ ಕಾದಿರುತ್ತಾನೆ. ಈ ಪೈಪೋಟಿಯನ್ನು ಕಳೆದು, ಎಲ್ಲರ ಹಿತವೂ ಒಂದೇ ಎಂಬ ನಂಬಿಕೆಯನ್ನು ಹುಟ್ಟಿಸುವುದೇ ಸಂಘದ ಮೊದಲನೆಯ ಪಾಠವಾಗಿತ್ತು.

ಡಿಮೆಲ್ಲೊ ಅವರ ಕಾಲದ ಹೋರಾಟದ ತಿರುಳು ಕೂಲಿಯ ಹೆಚ್ಚಳವೊಂದರಲ್ಲಿಯೇ ಇರಲಿಲ್ಲ. ಕೂಲಿ ಎಷ್ಟು ಹೆಚ್ಚಿದರೂ ನಾಳೆಯ ಕೆಲಸ ಮೇಸ್ತ್ರಿಯ ಬೆರಳಿನ ತುದಿಯಲ್ಲಿ ಉಳಿದಿದ್ದರೆ ಕಾರ್ಮಿಕನು ಸ್ವತಂತ್ರನಾಗುವುದಿಲ್ಲ. ಅವನ ಹೆಸರು ದಾಖಲೆಯಾಗಬೇಕು. ಅವನಿಗೆ ಸರದಿಯಂತೆ ಕೆಲಸ ದೊರೆಯಬೇಕು. ಹಾಜರಾಗಿಯೂ ಕೆಲಸ ಸಿಕ್ಕದ ದಿನ ಹೊಟ್ಟೆಗೆ ಏನಾದರೂ ಇರಬೇಕು. ಕಾರ್ಮಿಕ ಸಂಘಗಳು ಮುಂದಿಟ್ಟ ಬೇಡಿಕೆಗಳ ಹೃದಯವು ಇದೇ ಆಗಿತ್ತು. ಇದು ಮೇಲುನೋಟಕ್ಕೆ ಹೊಟ್ಟೆಯ ಪ್ರಶ್ನೆಯಾಗಿ ತೋರಿದರೂ ಪ್ರಾಣದ ಪ್ರಶ್ನೆಯೂ ಹೌದು. ನಾಳೆಯ ಅನ್ನದ ಭರವಸೆ ಇರುವವನು ಮಾತ್ರವೇ ಇಂದು ಸವೆದ ಹಗ್ಗವನ್ನು ತೋರಿಸಿ ಕೆಲಸ ನಿಲ್ಲಿಸಬಲ್ಲನು.

ಸ್ವಾತಂತ್ರ್ಯವು ಬಂದ ಕಾಲಕ್ಕೆ ಈ ಬೇಡಿಕೆಗಳು ಫಲ ಕೊಡತೊಡಗಿದವು. ೧೯೪೮ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆಯು ಅಂಗೀಕಾರವಾಯಿತು. ಅದೇ ವರ್ಷ, ೧೯೩೪ರ ಹಳೆಯ ರಕ್ಷಣಾ ಕಾಯಿದೆಯೂ ತನ್ನ ನಿಯಮಗಳೊಡನೆ ಜಾರಿಗೆ ಬಂದಿತು. ಹೀಗೆ ದುಡಿಮೆಯ ಭದ್ರತೆ, ದೇಹದ ಭದ್ರತೆ ಇವೆರಡೂ ಒಂದೇ ವರ್ಷದಲ್ಲಿ ಕಾನೂನಿನ ಬಲವನ್ನು ಪಡೆದವು. ೧೯೫೧ರಲ್ಲಿ ಮುಂಬಯಿಯಲ್ಲಿ ಬಂದರು ಕಾರ್ಮಿಕರ ಮಂಡಳಿಯು ಸ್ಥಾಪನೆಯಾಯಿತು. ಸರ್ಕಾರ, ಮಾಲಿಕರು, ಕಾರ್ಮಿಕರು ಈ ಮೂರು ಪಕ್ಷಗಳ ಪ್ರತಿನಿಧಿಗಳೂ ಅದರಲ್ಲಿ ಕುಳಿತರು. ಸ್ಟೀವಡೋರರ ಬಳಿ ದುಡಿಯುತ್ತಿದ್ದವರ ಹೆಸರುಗಳು ಪಟ್ಟಿಯನ್ನು ಸೇರಿದವು. ಕೆಲಸಕ್ಕೆ ಕರೆಯುವುದು ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಸರದಿಯ ಕ್ರಮ ಬಂದಿತು. ಹಾಜರಾಗಿಯೂ ಕೆಲಸ ದೊರೆಯದವರಿಗೆ ಹಾಜರಿಯ ಭತ್ಯ ದೊರೆಯತೊಡಗಿತು. ನಿನ್ನೆಯವರೆಗೆ ಗುಂಪಿನಲ್ಲಿ ಒಂದು ಮುಖವಾಗಿದ್ದವನು ಇಂದು ಹೆಸರುಳ್ಳ ಕಾರ್ಮಿಕನಾದನು. ಗಾಯಗೊಂಡರೆ ಅವನು ಯಾರು, ಎಲ್ಲಿ ದುಡಿಯುತ್ತಿದ್ದನು ಎಂಬುದಕ್ಕೆ ಬರಹದ ಸಾಕ್ಷ್ಯವಿತ್ತು.

ಎಲ್ಲವೂ ಒಮ್ಮೆಗೇ ಸರಿಯಾಯಿತೆಂದು ಹೇಳುವುದು ಸತ್ಯಕ್ಕೆ ದೂರ. ಆರಂಭದಲ್ಲಿ ಈ ವ್ಯವಸ್ಥೆಯು ಕೆಲವು ವರ್ಗದ ಕಾರ್ಮಿಕರಿಗೆ ಮಾತ್ರ ಅನ್ವಯಿಸಿತು. ಪಟ್ಟಿಗೆ ಸೇರದ ಅನೇಕರು ಹಳೆಯ ಪಾಡಿನಲ್ಲಿಯೇ ಉಳಿದರು. ಕಾಯಿದೆಯ ಪುಸ್ತಕದಲ್ಲಿದ್ದ ನಿಯಮವನ್ನು ಓದು ಬಾರದ ಕಾರ್ಮಿಕನಿಗೆ ಅವನ ಮಾತಿನಲ್ಲಿ ತಿಳಿಸುವ ಕೆಲಸವೂ ದೊಡ್ಡದಾಗಿತ್ತು. ತೂಗುವ ಭಾರದ ಕೆಳಗೆ ನಿಲ್ಲಬಾರದು, ಮುಚ್ಚಿದ ಒಡಲಿಗೆ ಗಾಳಿಯಾಡದೆ ಇಳಿಯಬಾರದು, ಒಬ್ಬನೇ ಇಳಿಯಬಾರದು, ಸನ್ನೆ ಮಾಡುವವನು ಒಬ್ಬನೇ ಇರಬೇಕು - ಇವು ಸರಳವಾದ ಸೂತ್ರಗಳು. ಆದರೆ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಕಾಗದದಿಂದ ಅವು ಕಾರ್ಮಿಕನ ಮನಸ್ಸಿಗೆ ಇಳಿಯುವುದಿಲ್ಲ. ಜೊತೆಗೆ ದುಡಿಯುವವನು, ತನ್ನ ಊರಿನವನು, ತನ್ನ ಭಾಷೆಯಲ್ಲಿ ಹೇಳಿದಾಗ ಅವು ಇಳಿಯುತ್ತವೆ. ಸಂಘಟನೆಯಿದ್ದ ಕಡೆ ಇಂಥ ತಿಳಿವಳಿಕೆಯು ಬಾಯಿಂದ ಬಾಯಿಗೆ ಸಾಗಲು ದಾರಿಯಾಗುತ್ತದೆ. ಹೇಳುವುದಕ್ಕೆ ಧೈರ್ಯವೂ ಕೇಳುವುದಕ್ಕೆ ನಂಬಿಕೆಯೂ ಅಲ್ಲಿ ಒಟ್ಟಿಗೆ ಬೆಳೆಯುತ್ತವೆ.

ಡಿಮೆಲ್ಲೊ ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಅವರು ಮುಷ್ಕರಗಳನ್ನು ನಡೆಸಿದರು. ಮುಷ್ಕರ ನಡೆದಾಗ ಹಡಗುಗಳು ನಿಲ್ಲುತ್ತಿದ್ದವು, ಸರಕು ಕೊಳೆಯುತ್ತಿತ್ತು, ನಗರದ ವ್ಯಾಪಾರವು ಏರುಪೇರಾಗುತ್ತಿತ್ತು. ಆದುದರಿಂದ ಅವರನ್ನು ಕಟುವಾಗಿ ಟೀಕಿಸಿದವರೂ ಇದ್ದರು. ಹಸಿವೆಯ ದೇಶಕ್ಕೆ ಧಾನ್ಯ ತರುವ ಹಡಗನ್ನು ತಡೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಆ ಧಾನ್ಯವನ್ನು ಹೊರುವವನ ಮನೆಯಲ್ಲಿಯೇ ಹಸಿವೆಯಿರುವುದು ಸರಿಯೇ ಎಂಬ ಪ್ರಶ್ನೆಯೂ ಅಷ್ಟೇ ಭಾರವಾಗಿತ್ತು. ಸರ್ಕಾರವು ಅವರನ್ನು ಹಲವು ಬಾರಿ ಬಂಧಿಸಿತು. ಸೆರೆವಾಸವು ಅವರನ್ನು ಕುಗ್ಗಿಸಲಿಲ್ಲ. ಬಿಡುಗಡೆಯಾದೊಡನೆ ಅವರು ಮತ್ತೆ ಬಂದರಿನ ಬಾಗಿಲಿಗೇ ಹಿಂದಿರುಗಿದರು. ಮುಂಬಯಿಯ ಬಂದರಿನಿಂದ ಅವರ ಕಾರ್ಯವು ದೇಶದ ಇತರ ಬಂದರುಗಳ ಕಾರ್ಮಿಕರ ಒಕ್ಕೂಟಕ್ಕೂ, ಮುಂಬಯಿ ನಗರಸಭೆಯ ಕೆಲಸಗಾರರ ನಡುವಿಗೂ ಹಬ್ಬಿತು.

ತಮ್ಮ ಜಿಲ್ಲೆಯಿಂದ ಬರಿಗೈಯಲ್ಲಿ ಬಂದ ತರುಣರಿಗೆ ಅವರು ಆಸರೆಯಾದರು. ಮಂಗಳೂರಿನಲ್ಲಿ ೧೯೩೦ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಎಂಬ ಯುವಕನು ಕೆಲಸ ಹುಡುಕುತ್ತ ಮುಂಬಯಿಗೆ ಬಂದು, ಆರಂಭದ ದಿನಗಳಲ್ಲಿ ಬಯಲಲ್ಲಿಯೇ ರಾತ್ರಿಗಳನ್ನು ಕಳೆದನು. ಆತನು ಕಾರ್ಮಿಕ ಚಳುವಳಿಯ ಪಾಠಗಳನ್ನು ಕಲಿತುದು ಡಿಮೆಲ್ಲೊ ಅವರ ಒಡನಾಟದಲ್ಲಿ. ಮುಂದೆ ಮುಂಬಯಿಯ ಟ್ಯಾಕ್ಸಿ ಚಾಲಕರನ್ನೂ ನಗರಸಭೆಯ ನೌಕರರನ್ನೂ ಸಂಘಟಿಸಿ, ಸಂಸತ್ತನ್ನು ಪ್ರವೇಶಿಸಿ, ಕೇಂದ್ರದ ಮಂತ್ರಿಯಾಗಿ ಹೆಸರುಗೊಂಡ ಆ ನಾಯಕರು ಡಿಮೆಲ್ಲೊ ಅವರನ್ನು ತಮ್ಮ ಗುರುಗಳಲ್ಲಿ ಒಬ್ಬರೆಂದು ಭಾವಿಸಿದ್ದರು.

ದುಡಿದು ದಣಿದ ಆ ಜೀವವು ಬಹುಕಾಲ ಬಾಳಲಿಲ್ಲ. ೧೯೫೮ರಲ್ಲಿ, ನಲವತ್ತು ವರ್ಷ ತುಂಬುವ ಮೊದಲೇ ಪ್ಲಾಸಿಡ್ ಡಿಮೆಲ್ಲೊ ಅವರು ನಿಧನರಾದರು. ಅದೇ ವರ್ಷ ದೇಶದ ಪ್ರಮುಖ ಬಂದರುಗಳ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ಊರೂರಿನ, ಭಾಷೆಭಾಷೆಯ ಕೂಲಿಕಾರರು ಒಂದೇ ದನಿಯಲ್ಲಿ ಮಾತನಾಡಲು ಕಲಿತಿದ್ದರೆಂಬುದಕ್ಕೆ ಅದು ಸಾಕ್ಷಿಯಾಯಿತು. ಮುಂಬಯಿಯ ಧಕ್ಕೆಗಳ ಮಗ್ಗುಲಲ್ಲಿ ಸಾಗುವ ದೊಡ್ಡ ರಸ್ತೆಗೆ ಹಿಂದೆ ಆಂಗ್ಲ ಗವರ್ನರನೊಬ್ಬನ ಹೆಸರಿತ್ತು. ಅದನ್ನು ಫ್ರಿಯರ್ ರಸ್ತೆಯೆಂದು ಕರೆಯುತ್ತಿದ್ದರು. ಈಗ ಅದು ಪಿ. ಡಿಮೆಲ್ಲೊ ರಸ್ತೆ. ಸರಕು ತುಂಬಿದ ಲಾರಿಗಳು ಹಗಲಿರುಳೂ ಓಡಾಡುವ ಆ ರಸ್ತೆಗೆ ಅವರ ಹೆಸರನ್ನು ಇಟ್ಟುದು ಉಚಿತವಾಗಿಯೇ ಇದೆ.

ಅವರ ತರುವಾಯವೂ ಈ ಕಾರ್ಯವು ನಿಲ್ಲಲಿಲ್ಲ. ೧೯೬೬ರಲ್ಲಿ ರಾಷ್ಟ್ರೀಯ ಸುರಕ್ಷಾ ಮಂಡಳಿಯು ಸ್ಥಾಪನೆಯಾಗಿ, ಅದರ ಸ್ಥಾಪನೆಯ ದಿನವಾದ ಮಾರ್ಚ್ ೪ನ್ನು ರಾಷ್ಟ್ರೀಯ ಸುರಕ್ಷಾ ದಿನವಾಗಿ ಆಚರಿಸುವ ಪದ್ಧತಿ ಬಂದಿತು. ೧೯೭೯ರಲ್ಲಿ ಒಂದು ರಾಜ್ಯದಿಂದ ಮತ್ತೊಂದಕ್ಕೆ ಹೋಗಿ ದುಡಿಯುವವರ ರಕ್ಷಣೆಗಾಗಿ ಕಾಯಿದೆಯೊಂದು ಆಯಿತು. ೧೯೮೬ರಲ್ಲಿ ಬಂದರು ಕಾರ್ಮಿಕರ ಸುರಕ್ಷೆ, ಆರೋಗ್ಯ ಮತ್ತು ಕ್ಷೇಮದ ಕಾಯಿದೆಯು ೧೯೩೪ರ ಕಾಯಿದೆಯ ಸ್ಥಾನವನ್ನು ತುಂಬಿತು. ಅಷ್ಟರಲ್ಲಿ ಕಾಲವೂ ಬದಲಾಗುತ್ತಿತ್ತು. ಸರಕನ್ನು ದೊಡ್ಡ ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ ಯಂತ್ರಗಳಿಂದ ಎತ್ತುವ ಕ್ರಮವು ಬಂದಮೇಲೆ ತಲೆಹೊರೆಯ ಕೂಲಿಕಾರರ ಸಂಖ್ಯೆ ಇಳಿಯಿತು. ೧೯೯೪ರಲ್ಲಿ ಮುಂಬಯಿಯ ಬಂದರು ಕಾರ್ಮಿಕರ ಮಂಡಳಿಯು ಬಂದರಿನ ಆಡಳಿತದಲ್ಲಿ ವಿಲೀನವಾಯಿತು.

ಡಿಮೆಲ್ಲೊ ಅವರ ಸ್ವಂತ ಜಿಲ್ಲೆಯಲ್ಲಿಯೂ ಹೊಳೆಯ ನೀರು ಬಹಳ ಹರಿದಿದೆ. ೧೯೭೪ರಲ್ಲಿ ಭೂಸುಧಾರಣೆಯು ಜಾರಿಗೆ ಬಂದು ಗೇಣಿಯ ಒಕ್ಕಲುಗಳು ಭೂಮಿಯ ಒಡೆಯರಾದರು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಬೆಳೆದು ನಿಂತಿತು. ಒಂದು ಕಾಲಕ್ಕೆ ಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸುತ್ತಿದ್ದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಈಗ ಪರಸ್ಥಳದ ಮಕ್ಕಳು ಬರುತ್ತಾರೆ. ಉತ್ತರ ಕರ್ನಾಟಕದ ಒಣ ಸೀಮೆಗಳಿಂದಲೂ, ದೂರದ ಒಡಿಶಾ, ಬಿಹಾರ, ಝಾರ್ಖಂಡ, ಬಂಗಾಳಗಳಿಂದಲೂ ಬಂದ ದಿನಗೂಲಿಯವರು ಅಲ್ಲಿ ಕಟ್ಟಡಗಳ ಸಾರುವೆಯ ಮೇಲೆ ನಿಲ್ಲುತ್ತಾರೆ, ಕೆಂಪು ಕಲ್ಲಿನ ಕೋರೆಗಳಲ್ಲಿ ಧೂಳನ್ನು ಉಸಿರಾಡುತ್ತಾರೆ, ತೋಟಗಳಲ್ಲಿ ದುಡಿಯುತ್ತಾರೆ. ತುಳುವಾಗಲಿ ಕನ್ನಡವಾಗಲಿ ಅವರಲ್ಲಿ ಅನೇ ಕರಿಗೆ ತಿಳಿಯದು. ನಾಳೆಯ ಕೂಲಿಯ ಚಿಂತೆಯಲ್ಲಿ ಇಂದಿನ ಅಪಾಯವನ್ನು ಬಾಯಿಬಿಟ್ಟು ಹೇಳಲಾರದವರು ಅವರಲ್ಲಿಯೂ ಇದ್ದಾರೆ. ಅವರ ಊರಿನಲ್ಲಿಯೂ ಹಣದ ದಾರಿ ನೋಡುವ ತಾಯಂದಿರಿದ್ದಾರೆ.

ಅವರನ್ನು ಕಂಡಾಗ ಕರಾವಳಿಯ ಜನ ತಮ್ಮ ಅಜ್ಜಂದಿರನ್ನು ನೆನೆಯಬೇಕು. ತಲೆಗೆ ಗಟ್ಟಿಯಾದ ಟೊಪ್ಪಿಗೆ, ಸೊಂಟಕ್ಕೆ ಭದ್ರವಾದ ಪಟ್ಟಿ, ಮೂಗಿಗೆ ಬಟ್ಟೆ, ಕುಡಿಯಲು ಶುದ್ಧವಾದ ನೀರು, ತಿಳಿಯುವ ಭಾಷೆಯಲ್ಲಿ ನಾಲ್ಕು ಎಚ್ಚರಿಕೆಯ ಮಾತು - ಇವು ದಯೆಯಿಂದ ಕೊಡುವ ದಾನವಲ್ಲ, ದುಡಿಯುವವನಿಗೆ ಸಲ್ಲಬೇಕಾದ ಹಕ್ಕು. ಇವೆಲ್ಲಕ್ಕಿಂತ ಮೊದಲು ಅವನ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹೆಸರು ಬರೆದಲ್ಲಿ ಹೊಣೆಯು ಹುಟ್ಟುತ್ತದೆ. ಹೊಣೆಯಿರುವಲ್ಲಿ ಹಗ್ಗವನ್ನು ಯಾರಾದರೂ ಪರೀಕ್ಷಿಸುತ್ತಾರೆ. ಮೂಟೆಗಳೊಡನೆ ಮನುಷ್ಯರನ್ನೂ ಲೆಕ್ಕಕ್ಕೆ ತರಬೇಕೆಂದು ಬಂದರಿನ ಬಾಗಿಲಲ್ಲಿ ನಿಂತು ಬಾಳನ್ನೇ ಸವೆಸಿದ ಪ್ಲಾಸಿಡ್ ಡಿಮೆಲ್ಲೊ ಅವರಿಗೆ ನಾಡು ಸಲ್ಲಿಸಬಹುದಾದ ಗೌರವ ಇದೇ ಆಗಿದೆ.